ದೊಯ್ನಾ ಹಾಡಿದ ನಗರ

ರುಮಾನಿಯದ ರಾಜಧಾನಿಯಾದ ಬುಖಾರೆಸ್ಟ್ ನಗರಕ್ಕೆ ‘ಪುಟ್ಟ ಪ್ಯಾರಿಸ್’ ಎಂಬ ಹೆಸರು ಬಹುಕಾಲದಿಂದ ಬಂದಿದೆ. ನಗರದ ನಟ್ಟನಡುವಿನ ಮಗೇರು ರಾಜಬೀದಿಯಲ್ಲಿ ನಡೆಯುವ ಪ್ರವಾಸಿಯ ಕಣ್ಣನ್ನು ಮೊದಲು ಸೆಳೆಯುವುವು 1930ರ ದಶಕದಲ್ಲಿ ಎದ್ದುನಿಂತ ಬಹುಮಹಡಿಯ ವಸತಿಗೃಹಗಳು. ದುಂಡಗೆ ತಿರುಗಿದ ಮೂಲೆಗಳು, ನೀಳವಾದ ಬಾಲ್ಕನಿಗಳು, ಕೆಳ ಅಂತಸ್ತಿನಲ್ಲಿ ಅಂಗಡಿ, ಚಿತ್ರಮಂದಿರಗಳು. ಎಲ್ಲವೂ ಸೊಗಸೇ. ಆದರೆ ಇಂಥ ಕೆಲವು ಮನೆಗಳ ಬಾಗಿಲ ಬಳಿ ಒಂದು ಕೆಂಪು ಬಿಲ್ಲೆಯನ್ನು ಅಂಟಿಸಿರುವುದುಂಟು. ಭಾರಿ ಭೂಕಂಪವಾದರೆ ಈ ಕಟ್ಟಡ ಉರುಳೀತು ಎಂಬ ಎಚ್ಚರಿಕೆ ಅದು. ಆ ಬಿಲ್ಲೆಯ ಹಿಂದೆ ನಗರವು ಮರೆಯಲಾಗದ ಒಂದು ರಾತ್ರಿಯಿದೆ. ಆ ರಾತ್ರಿ ಅಡಗಿಹೋದ ಒಂದು ಕಂಠವಿದೆ.

ದೊಯ್ನಾ ಬಾದೆಯಾ ಹುಟ್ಟಿದ್ದು 1940ರ ಜನವರಿ 6ರಂದು, ದೇಶದ ನೈಋತ್ಯಭಾಗದ ಕ್ರಾಯೋವಾ ಪಟ್ಟಣದಲ್ಲಿ. ರುಮಾನಿಯದ ಹಳ್ಳಿಗರು ಹಂಬಲವನ್ನೂ ಅಗಲಿಕೆಯ ನೋವನ್ನೂ ತೋಡಿಕೊಳ್ಳುವ ಒಂದು ಬಗೆಯ ಹಾಡಿಗೆ ‘ದೊಯ್ನಾ’ ಎಂದೇ ಹೆಸರು. ಹಾಡಿನ ಹೆಸರನ್ನೇ ಹೊತ್ತು ಬಂದ ಈ ಹೆಣ್ಣುಮಗಳು 1960ರ ದಶಕದಲ್ಲಿ ನಾಡಿನ ಮೆಚ್ಚಿನ ಗಾಯಕಿಯರಲ್ಲಿ ಒಬ್ಬಳಾದಳು. ಆಕೆ ಹಾಡುತ್ತಿದ್ದ ಸಂಗೀತ ಶಾಸ್ತ್ರೀಯವೂ ಅಲ್ಲ, ಜಾನಪದವೂ ಅಲ್ಲ. ಅದನ್ನು ರುಮಾನಿಯನರು ‘ಲಘು ಸಂಗೀತ’ ಎನ್ನುತ್ತಾರೆ. ಆದರೆ ಆಕೆಯ ಕಂಠದಲ್ಲಿ ಲಘುವೆನ್ನುವಂಥದೇನೂ ಇರಲಿಲ್ಲ. ಅದು ತುಂಬುಕಂಠ, ಏರಿದಾಗ ರಂಗಮಂದಿರವನ್ನೆಲ್ಲ ತುಂಬಿ ನಿಲ್ಲುವ ಕಂಠ.

1977ರ ಮಾರ್ಚ್ 4, ಶುಕ್ರವಾರ. ಹುಣ್ಣಿಮೆಯ ಹಿಂದಿನ ರಾತ್ರಿ. ವಾರದ ದುಡಿಮೆ ಮುಗಿಸಿದ ಜನ ಊಟದ ಮೇಜಿನ ಸುತ್ತಲೋ ದೂರದರ್ಶನದ ಮುಂದೋ ಕುಳಿತಿದ್ದ ಹೊತ್ತು. ಗಂಟೆ ಒಂಬತ್ತು ದಾಟಿ 22 ನಿಮಿಷವಾದಾಗ ನೆಲ ನಡುಗಿತು. ಒಂದು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ರಾಜಧಾನಿಯ ಸುಮಾರು 30 ಬಹುಮಹಡಿ ಕಟ್ಟಡಗಳು ನೆಲಸಮವಾದುವು. ದೇಶದಲ್ಲಿ 1,500ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ 1,400ಕ್ಕೂ ಮೀರಿದವರು ಬುಖಾರೆಸ್ಟಿನವರೇ. ಜನಪ್ರಿಯ ನಟ ತೋಮಾ ಕರಾಜಿಯು, ಕವಿ ಅನಾತೊಲ್ ಬಕೋನ್‌ಸ್ಕಿ ಆ ರಾತ್ರಿಯೇ ಇಲ್ಲವಾದರು. ದೊಯ್ನಾ ಬಾದೆಯಾ ಕುಟುಂಬದೊಡನೆ ಅವಶೇಷಗಳಡಿ ಸಿಕ್ಕಿ ತೀರಿಕೊಂಡಳು. ಆಗ ಆಕೆಗೆ 37 ವರ್ಷ.

ಇದನ್ನು ವಿಧಿಯೆಂದು ನಿಟ್ಟುಸಿರುಬಿಟ್ಟು ಸುಮ್ಮನಾಗುವಂತಿಲ್ಲ. ಕಾರ್ಪೇಥಿಯನ್ ಪರ್ವತಗಳು ಬಾಗುವ ವ್ರಾನ್‌ಚಾ ಪ್ರದೇಶದಲ್ಲಿ, ಸುಮಾರು 90 ಕಿಲೋಮೀಟರ್ ಆಳದಲ್ಲಿ ಈ ಕಂಪನ ಹುಟ್ಟಿತ್ತು. ಅಷ್ಟು ಆಳದಿಂದ ಹೊರಟ ಅಲೆಗಳು ಬುಖಾರೆಸ್ಟಿನ ಮೆತ್ತನೆಯ ನೆಲವನ್ನು ನಿಧಾನವಾಗಿ, ಬಲವಾಗಿ ತೂಗಿದುವು. ಆ ತೂಗಾಟಕ್ಕೆ ಗಿಡ್ಡ ಮನೆಗಳಿಗಿಂತ ಎತ್ತರದ ಮನೆಗಳೇ ಹೆಚ್ಚು ಬಲಿಯಾದುವು. ಉರುಳಿದ ಮನೆಗಳಲ್ಲಿ ಬಹುಪಾಲು ಎರಡನೆಯ ಮಹಾಯುದ್ಧಕ್ಕೆ ಮುಂಚಿನವು. ಭೂಕಂಪವನ್ನು ಲೆಕ್ಕಕ್ಕೆ ಹಿಡಿಯದೆ ಕಟ್ಟಿದವು. ಮುನ್ಸೂಚನೆಯೂ ಸಿಗದಿರಲಿಲ್ಲ. 1940ರ ನವೆಂಬರ್ 10ರಂದು, ಗಾಯಕಿ ಇನ್ನೂ ತೊಟ್ಟಿಲಕೂಸಾಗಿದ್ದಾಗ, ಇದೇ ವ್ರಾನ್‌ಚಾದ ಭೂಕಂಪಕ್ಕೆ ಕಾರ್ಲ್‌ಟನ್ ಎಂಬ ಹೊಸ ಮಹಾಸೌಧ ಕುಸಿದುಬಿದ್ದಿತ್ತು. ಉಳಿದು ನಿಂತ ಕಟ್ಟಡಗಳ ಕಂಬಗಳು ಒಳಗೊಳಗೇ ನೊಂದಿದ್ದುವು. ಬಿರುಕಿಗೆ ಗಾರೆ ಮೆತ್ತಿ, ಬಣ್ಣ ಬಳಿದು, ಜನ ಅವುಗಳಲ್ಲಿ ಮತ್ತೆ ಸಂಸಾರ ಹೂಡಿದರು. ಕಣ್ಣಿಗೆ ಕಾಣದ ಆ ಗಾಯ 36 ವರ್ಷ ಕಾದಿತ್ತು.

ಇಂದು ರಾಜಬೀದಿಯಲ್ಲಿ ಎಂದಿನಂತೆ ಜನಸಂದಣಿ. ಬಿದ್ದ ಕಡೆಗಳಲ್ಲಿ ಹೊಸ ಕಟ್ಟಡಗಳು ಎದ್ದಿವೆ. ಕೆಂಪು ಬಿಲ್ಲೆಯ ಮನೆಗಳಲ್ಲಿಯೂ ದೀಪ ಹೊತ್ತುತ್ತದೆ, ಅಡಿಗೆಯಾಗುತ್ತದೆ, ಮಕ್ಕಳು ಪಾಠ ಓದುತ್ತಾರೆ. ದೊಯ್ನಾ ಬಾದೆಯಾಳ ಕಂಠ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ; ಅದನ್ನು ಕೇಳಿ ಕಣ್ಣೊರಸಿಕೊಳ್ಳುವ ಹಿರಿಯರು ಈಗಲೂ ಇದ್ದಾರೆ. ಆದರೆ ಹಾಡಿದವಳಿಗೆ ನಗರವು ತೀರಿಸಬೇಕಾದ ಋಣ ಕಣ್ಣೀರಿನದಲ್ಲ. ಆ ಬಾಗಿಲುಗಳ ಹಿಂದಿನ ಕಂಬಗಳು ಗಟ್ಟಿಯಾಗಿ, ಬಿಲ್ಲೆಗಳು ಒಂದೊಂದಾಗಿ ಕಳಚಿದಾಗಲೇ ಆ ಋಣ ತೀರೀತು.