ಓಡರ್ ನದಿಯ ಎರಡು ದಡಗಳು

ಜರ್ಮನಿ ದೇಶದಲ್ಲಿ ಫ್ರಾಂಕ್‌ಫರ್ಟ್ ಎಂಬ ಹೆಸರಿನ ಪ್ರಸಿದ್ಧ ಪಟ್ಟಣಗಳು ಎರಡುಂಟು. ವಿಮಾನಗಳು ಬಂದಿಳಿಯುವ ಮಹಾನಗರವು ಮೈನ್ ನದಿಯ ತೀರದಲ್ಲಿದೆ. ನಾವು ಹೇಳಹೊರಟಿರುವುದು ಅದನ್ನಲ್ಲ. ಪೂರ್ವದ ಗಡಿಯಲ್ಲಿ, ಓಡರ್ ನದಿಯ ದಡದಲ್ಲಿರುವ ಚಿಕ್ಕ ಫ್ರಾಂಕ್‌ಫರ್ಟನ್ನು. ಬರ್ಲಿನ್ನಿನಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ.

೨೦೨೪ನೆಯ ಇಸವಿಯ ವಸಂತದಲ್ಲಿ ನಾವು ಅಲ್ಲಿಗೆ ಹೋದುದಕ್ಕೆ ಕಾರಣವಿಷ್ಟೆ. ನಮ್ಮ ತಮ್ಮನ ಮಗಳು ಅಲ್ಲಿಯ ವಿಯಾಡ್ರಿನಾ ವಿಶ್ವವಿದ್ಯಾನಿಲಯದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಳು. ಮುಂದಿನ ವರ್ಷ ಪೋಲೆಂಡಿನ ವಿಶ್ವವಿದ್ಯಾನಿಲಯವೊಂದರಲ್ಲಿ ಓದಿ, ಎರಡು ದೇಶಗಳ ಎರಡು ಪದವಿಗಳನ್ನೂ ಪಡೆಯುವೆನೆಂದು ಮನೆಗೆ ಬರೆದಳು. ತಮ್ಮನು ಕಳವಳಗೊಂಡನು. “ಅಣ್ಣಯ್ಯ, ಒಂದು ದೇಶದ ಭಾಷೆಯನ್ನು ಕಲಿಯುವಷ್ಟರಲ್ಲೇ ಹುಡುಗಿ ಸೊರಗಿದ್ದಾಳೆ. ಇದು ಎರಡು ದೋಣಿಯ ಮೇಲೆ ಕಾಲಿಟ್ಟಂತೆ. ನೀವೇ ಹೋಗಿ ಬುದ್ಧಿ ಹೇಳಿ ಬನ್ನಿ” ಎಂದನು.

ಫ್ರಾಂಕ್‌ಫರ್ಟ್ ಎಂದರೆ ಫ್ರಾಂಕ್ ಜನರು ಹೊಳೆ ದಾಟುವ ತಾಣವೆಂದು ಅರ್ಥ. ನಮ್ಮ ಸಂಸ್ಕೃತದಲ್ಲಿ ಅಂತಹ ತಾಣಕ್ಕೆ ತೀರ್ಥವೆನ್ನುವರು; ಗುರುವಿಗೂ ಅದೇ ಹೆಸರು. ಒಬ್ಬ ಗುರುವಿನ ಬಳಿ ಓದಿದವರು ಸತೀರ್ಥ್ಯರು. ಈ ಊರಿನಲ್ಲಿ ಆ ಎರಡು ಅರ್ಥಗಳೂ ಒಟ್ಟಿಗೆ ಕೂಡಿರುವುದನ್ನು ಕಂಡು ನಮಗೆ ಸಂತೋಷವಾಯಿತು.

ಇಲ್ಲಿಯ ಮೊದಲ ವಿದ್ಯಾಪೀಠವು ೧೫೦೬ರಲ್ಲಿ ಸ್ಥಾಪಿತವಾಯಿತು. ಹೆಸರಾಂತ ಹಂಬೋಲ್ಟ್ ಸಹೋದರರು ಕೆಲವು ಕಾಲ ಇಲ್ಲಿ ಓದಿದವರು. ೧೮೧೧ರಲ್ಲಿ ಅದನ್ನು ಬ್ರೆಸ್ಲಾವಿಗೆ ಸಾಗಿಸಿದರು. ಆ ನಗರವು ಈಗ ಪೋಲೆಂಡಿಗೆ ಸೇರಿದೆ. ೧೯೪೫ರಲ್ಲಿ ಮಹಾಯುದ್ಧವು ಮುಗಿದಾಗ ನದಿಯೇ ಗಡಿಯಾಯಿತು. ಪೂರ್ವದ ದಡದಲ್ಲಿದ್ದ ಫ್ರಾಂಕ್‌ಫರ್ಟಿನ ಬಡಾವಣೆಯು ಸ್ವುಬಿತ್ಸೆ ಎಂಬ ಪೋಲಿಷ್ ಊರಾಯಿತು. ಅಲ್ಲಿಯ ಜರ್ಮನರು ಮನೆ ಬಿಟ್ಟು ಹೋದರು; ಪೋಲರು ಬಂದು ನೆಲೆಸಿದರು. ೧೯೯೧ರಲ್ಲಿ ವಿದ್ಯಾಪೀಠವನ್ನು ಪುನಃ ಸ್ಥಾಪಿಸಿದಾಗ ಪೋಲಿಷ್ ವಿದ್ಯಾರ್ಥಿಗಳಿಗೂ ಮೊದಲಿನಿಂದಲೇ ಸ್ಥಾನವಿಟ್ಟರು. ಎದುರು ದಡದಲ್ಲಿರುವ ಕೊಲೀಜಿಯಂ ಪೊಲೋನಿಕಂ ಎಂಬ ಸಂಸ್ಥೆಯನ್ನು ವಿಯಾಡ್ರಿನಾವೂ ಪೋಜ್ನಾನ್ ನಗರದ ಆಡಂ ಮಿಟ್ಸ್‌ಕೇವಿಚ್ ವಿಶ್ವವಿದ್ಯಾನಿಲಯವೂ ಕೂಡಿ ನಡೆಸುತ್ತಿವೆ.

ಹುಡುಗಿಯೊಡನೆ ಸೇತುವೆ ದಾಟಿ ಅಲ್ಲಿಗೆ ನಡೆದುಹೋದೆವು. ದಾರಿಯಲ್ಲಿ ಆಕೆ ದ್ವಿಪದವಿಯ ಕ್ರಮವನ್ನು ವಿವರಿಸಿದಳು. ಯೂರೋಪಿನಲ್ಲಿ ಒಂದು ವರ್ಷದ ಓದಿಗೆ ೬೦ ಕ್ರೆಡಿಟ್‌ಗಳೆಂದು ಎಣಿಕೆ. ವಿದ್ಯಾರ್ಥಿಯು ಎರಡೂ ಕಡೆ ಹೆಸರು ದಾಖಲಿಸಿ, ಇಲ್ಲಿ ಕೆಲವನ್ನೂ ಅಲ್ಲಿ ಕೆಲವನ್ನೂ ಸಂಪಾದಿಸುವನು. ಒಬ್ಬರು ಕೊಟ್ಟುದನ್ನು ಮತ್ತೊಬ್ಬರು ಒಪ್ಪುವರು. ಆದ್ದರಿಂದ ಎರಡು ಪದವಿಗಳಿಗೆ ಇಮ್ಮಡಿ ಕಾಲ ಬೇಕಾಗದು. ಎರಡು ಸಂಸ್ಥೆಗಳು ಬೇರೆಬೇರೆ ಪತ್ರ ಕೊಟ್ಟರೆ ದ್ವಿಪದವಿ. ಇಬ್ಬರೂ ಸೇರಿ ಒಂದೇ ಪತ್ರ ಕೊಟ್ಟರೆ ಸಂಯುಕ್ತ ಪದವಿ.

“ಎರಡು ಕಾಗದಗಳಿಂದ ಬರುವ ಲಾಭವೇನಮ್ಮ?” ಎಂದು ಕೇಳಿದೆವು.

“ಕಾಗದದ ಮಾತು ಹಾಗಿರಲಿ, ದೊಡ್ಡಪ್ಪ. ನನ್ನ ತರಗತಿಯ ಜರ್ಮನ್ ಹುಡುಗಿಯ ಅಜ್ಜಿ ೧೯೪೫ರಲ್ಲಿ ಈ ದಡ ಬಿಟ್ಟು ಹೋದವರು. ಪೋಲಿಷ್ ಹುಡುಗನ ಅಜ್ಜಿ ಅದೇ ವರ್ಷ ಪೂರ್ವದಲ್ಲಿ ತಮ್ಮ ಮನೆ ಕಳೆದುಕೊಂಡು ಇಲ್ಲಿಗೆ ಬಂದವರು. ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಗಡಿಯ ಒಪ್ಪಂದವನ್ನು ಓದುತ್ತಾರೆ. ಒಂದೇ ದಡದಲ್ಲಿ ಕುಳಿತು ಓದಿದರೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ” ಎಂದಳು. ನಮಗೆ ಮರುಮಾತು ತೋಚಲಿಲ್ಲ.

ಹಿಂದಿರುಗುವಾಗ ಸೇತುವೆಯ ಬಳಿ ಜರ್ಮನ್ ಪೊಲೀಸರು ನಮ್ಮನ್ನು ತಡೆದು ಕಾಗದಪತ್ರ ನೋಡಿದರು. ಇಲ್ಲಿಯ ತಪಾಸಣೆಯು ೨೦೦೭ರ ಡಿಸೆಂಬರಿನಲ್ಲಿ ನಿಂತಿದ್ದಿತು. ೨೦೨೩ರ ಅಕ್ಟೋಬರಿನಲ್ಲಿ ಮತ್ತೆ ಆರಂಭವಾಯಿತು. ಅಂದು ಬಿಸಿಲಿನಲ್ಲಿ ನಿಂತಿದ್ದಾಗ, ತೆರೆದ ಬಾಗಿಲು ಎಂದೆಂದಿಗೂ ತೆರೆದೇ ಇರುವುದೆಂದು ನಂಬಲಾಗದೆಂಬುದೂ, ಆದಕಾರಣವೇ ದಾಟಬಲ್ಲ ಮಕ್ಕಳು ಈಗಲೇ ದಾಟಿ ಕಲಿಯುವುದು ಲೇಸೆಂಬುದೂ ನಮ್ಮ ಮನಸ್ಸಿಗೆ ಬಂದಿತು.

ಮಕ್ಕಳನ್ನು ಇಂತಹ ಓದಿಗೆ ಕಳುಹಿಸುವ ತಂದೆತಾಯಿಗಳಿಗೆ ಒಂದು ಮಾತು. ನಮ್ಮ ದೇಶದಲ್ಲಿಯೂ ೨೦೨೨ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಇದಕ್ಕೆ ನಿಯಮ ಮಾಡಿದೆ. ಭಾರತದ ಸಂಸ್ಥೆಯೊಡನೆ ಕೂಡಿದ ದ್ವಿಪದವಿಯಲ್ಲಿ ಕನಿಷ್ಠ ಶೇಕಡ ೩೦ರಷ್ಟು ಕ್ರೆಡಿಟ್‌ಗಳನ್ನು ಇಲ್ಲಿಯೇ ಸಂಪಾದಿಸಬೇಕು. ಆದುದರಿಂದ ಹಣ ಕಟ್ಟುವ ಮೊದಲು, ಪದವಿ ಕೊಡುವವರು ಯಾರು, ಒಬ್ಬರದನ್ನು ಮತ್ತೊಬ್ಬರು ಬರಹದಲ್ಲಿ ಒಪ್ಪಿರುವರೇ ಎಂಬುದನ್ನು ವಿಚಾರಿಸಿಕೊಳ್ಳಬೇಕು.

ಆ ರಾತ್ರಿಯೇ ತಮ್ಮನಿಗೆ ಬರೆದೆವು: “ಬುದ್ಧಿ ಹೇಳಲು ಬಂದೆವು, ಕೇಳಿಸಿಕೊಂಡು ಹೋಗುತ್ತಿದ್ದೇವೆ. ಇಲ್ಲಿ ಎರಡು ದೋಣಿಗಳಿಲ್ಲ, ಸೇತುವೆಯಿದೆ.” ಮರುದಿನ ಅವನ ಉತ್ತರ ಬಂದಿತು. ಒಪ್ಪಿಗೆಯ ಮಾತೊಂದೂ ಅದರಲ್ಲಿರಲಿಲ್ಲ. “ಪೋಲೆಂಡಿನಲ್ಲಿ ಚಳಿ ಹೆಚ್ಚಂತೆ. ಹುಡುಗಿಯ ಬಳಿ ದಪ್ಪ ಕಂಬಳಿ ಇದೆಯೇ, ನೋಡಿ ಬನ್ನಿ” ಎಂದಷ್ಟೇ ಇದ್ದಿತು.