ಮನೆಯೊಳಗಿನ ವಿಳಾಸ

ಸೀಕಾಕಸ್ ಎಂದೊಡನೆ ಈ ಭಾಗದ ಕನ್ನಡಿಗರಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನ್ಯೂಯಾರ್ಕಿಗೆ ಹೋಗುವಾಗ ಗಾಡಿ ಬದಲಿಸುವ, 2003ರಲ್ಲಿ ಆರಂಭವಾದ ರೈಲು ನಿಲ್ದಾಣ. ಹಳಬರ ನೆನಪಿನಲ್ಲಿ ಇದು ಹಂದಿಸಾಕಣೆಗೆ ಹೆಸರಾಗಿದ್ದ ಊರು. ಇಂದು ಇಲ್ಲಿ, ಹ್ಯಾಕೆನ್ಸ್ಯಾಕ್ ನದಿಯ ಜೌಗುನೆಲದ ಆಸುಪಾಸಿನಲ್ಲಿ, ಈಕ್ವಿನಿಕ್ಸ್ ಸಂಸ್ಥೆಯ ಭಾರಿ ಡೇಟಾ ಸೆಂಟರುಗಳು ನಿಂತಿವೆ. ಷೇರು ವಹಿವಾಟಿನ ಎಷ್ಟೋ ಗಣಕಗಳು ಅವುಗಳೊಳಗಿವೆ. ಅಂತಹ ಗಣಕಗಳ ವಿಳಾಸವನ್ನು ಯೋಚಿಸಿ ಕೊಡುತ್ತಾರೆ. ದಿನಕ್ಕೊಂದರಂತೆ ಬದಲಾಗಲು ಬಿಡುವುದಿಲ್ಲ. ಆದರೆ ಅದೇ ಊರಿನ ಸಾಧಾರಣ ಮನೆಯೊಂದರ ಪ್ರಿಂಟರಿಗೂ ಸ್ಥಿರವಾದ ವಿಳಾಸವೊಂದು ಬೇಕೆಂಬುದು ನನಗೆ ಮನವರಿಕೆಯಾದದ್ದು, ಸಾಗರದ ಕಡೆಯಿಂದ ನನ್ನ ತಾಯಿ ಚಳಿಗಾಲ ಕಳೆಯಲು ಬಂದಾಗ.

ವಯಸ್ಸಿನೊಂದಿಗೆ ಬರುವ ಅಕ್ಷಿಪಟಲದ ತೊಂದರೆಯಿಂದ ಅಮ್ಮನ ನೋಟದ ನಡುಭಾಗ ಮಸುಕಾಗಿದೆ. ಗಣಕದ ಪರದೆ ಕಣ್ಣು ಚುಚ್ಚುತ್ತದೆ. ಆದುದರಿಂದ ಕನ್ನಡ ಪತ್ರಿಕೆಗಳ ಲೇಖನಗಳನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ದೊಡ್ಡ ಅಕ್ಷರಕ್ಕೆ ಹಿಗ್ಗಿಸಿ, ಕಾಗದದ ಮೇಲೆ ಅಚ್ಚು ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಾರೆ. ಒಂದು ಗುಂಡಿ ಒತ್ತಿದರೆ ಹಾಳೆ ಬರಬೇಕು, ಅಷ್ಟೆ. ಈ ದೇಶದಲ್ಲಿ ಅವರು ಯಾರನ್ನೂ ಕೇಳದೆ ಮಾಡಬಲ್ಲ ಕೆಲಸಗಳು ಬಹಳವಿಲ್ಲ. ಕಾರು ಓಡಿಸಲಾರರು, ಹಿಮದಲ್ಲಿ ಒಬ್ಬರೇ ನಡೆಯಲಾರರು. ಓದು ಮಾತ್ರ ಅವರ ಸ್ವಂತದ್ದಾಗಿತ್ತು. ಹೀಗಿರುವಾಗ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ, ಪ್ರಿಂಟರು ಮೌನ ತಾಳತೊಡಗಿತು. ಕಚೇರಿಗೆ ದೂರವಾಣಿ ಬರುತ್ತಿತ್ತು.

“ನೋಡೋ, ನಿನ್ನ ಪ್ರಿಂಟರು ಮತ್ತೆ ಮನೆ ಬಿಟ್ಟು ಹೋಗಿದೆ. ಮಕ್ಕಳು ಕರೆದರೆ ಬರ್ತದೆ, ನಾನು ಕರೆದರೆ ಇಲ್ಲ.”

ಅಮ್ಮನ ಮಾತು ತಾಂತ್ರಿಕವಾಗಿ ಅಕ್ಷರಶಃ ನಿಜವಾಗಿತ್ತು. ಮಕ್ಕಳ ಫೋನುಗಳು ಪ್ರಿಂಟರನ್ನು ಹೆಸರು ಹಿಡಿದು ಕೂಗುತ್ತವೆ. ಅದು ಎಲ್ಲಿದ್ದರೂ ಓಗೊಡುತ್ತದೆ. ಅಮ್ಮನ ಹಳೆಯ ಲ್ಯಾಪ್‌ಟಾಪಾದರೋ ಹಿಂದೆ ಗುರುತು ಹಾಕಿಕೊಂಡ ಐಪಿ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತದೆ. ಆ ವಿಳಾಸದಲ್ಲಿ ಅಂದು ಟಿವಿಯೋ ಇನ್ನಾವುದೋ ಬಿಡಾರ ಹೂಡಿದ್ದರೆ, ಹಾಳೆ ಎಲ್ಲಿಂದ ಬರಬೇಕು?

ಮನೆಯ ರೌಟರು ವಿಳಾಸ ಹಂಚುವ ಕ್ರಮಕ್ಕೆ ಡಿಎಚ್‌ಸಿಪಿ ಎಂದು ಹೆಸರು. 1993ರಲ್ಲಿ ಮೊದಲು ರೂಪುಗೊಂಡ ಈ ಪದ್ಧತಿಯನ್ನು ತಿಳಿಯಲು ನಮ್ಮ ತೀರ್ಥಕ್ಷೇತ್ರಗಳ ಛತ್ರವನ್ನು ನೆನೆದರೆ ಸಾಕು. ಬಂದವರು ಕೋಣೆ ಕೇಳುತ್ತಾರೆ. ಖಾಲಿಯಿದ್ದುದನ್ನು ಇಷ್ಟು ಹೊತ್ತಿಗೆಂದು ಕೊಡುತ್ತಾರೆ. ಮನೆಯ ರೌಟರುಗಳಲ್ಲಿ ಈ ಅವಧಿ ಸಾಮಾನ್ಯವಾಗಿ ಒಂದು ದಿನ. ಅರ್ಧ ಅವಧಿ ಕಳೆದಾಗ ಉಪಕರಣವು ಇನ್ನಷ್ಟು ಕಾಲ ಇರುವೆನೆಂದು ಕೇಳಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಲೀಸ್ ಎನ್ನುತ್ತಾರೆ; ಮಲೆನಾಡಿನವರಾದ ನಾವು ಗೇಣಿ ಎನ್ನಬಹುದು. ಎಲ್ಲವೂ ಸುಗಮವಾಗಿದ್ದರೆ ಗೇಣಿ ಮುಂದುವರಿಯುತ್ತ ಹೋಗುತ್ತದೆ, ವಿಳಾಸವೂ ಉಳಿಯುತ್ತದೆ. ಆದರೆ ಬಿರುಗಾಳಿಗೆ ಒಂದು ಕ್ಷಣ ವಿದ್ಯುತ್ ಹೋಗಿ ಬಂದರೆ ಎಷ್ಟೋ ರೌಟರುಗಳ ಲೆಕ್ಕದ ಪುಸ್ತಕವೇ ಅಳಿಸಿಹೋಗುತ್ತದೆ. ಪ್ರಿಂಟರು ತಡವಾಗಿ ಎಚ್ಚೆತ್ತು ತನ್ನ ಹಳೆಯ ಕೋಣೆಯನ್ನು ಕೇಳುವಷ್ಟರಲ್ಲಿ ಅದು ಬೇರೊಬ್ಬರ ಪಾಲಾಗಿರಬಹುದು.

ಯಾತ್ರಿಕರಿಗೆ ಯಾವ ಕೋಣೆಯಾದರೇನು? ಫೋನು, ಲ್ಯಾಪ್‌ಟಾಪುಗಳು ಯಾತ್ರಿಕರು. ಅವು ಪರರನ್ನು ಅರಸಿ ಹೋಗುವಂಥವು, ಅವನ್ನು ಅರಸಿ ಬರುವವರು ಅಪರೂಪ. ಪ್ರಿಂಟರು ಹಾಗಲ್ಲ. ಅದು ಛತ್ರದ ಪಾರುಪತ್ತೇದಾರನಿದ್ದಂತೆ; ಎಲ್ಲರೂ ಅದರ ಬಳಿಗೇ ಬರಬೇಕು. ಪಾರುಪತ್ತೇದಾರನೇ ದಿನಕ್ಕೊಂದು ಕೋಣೆಯಲ್ಲಿ ಮಲಗಿದರೆ ಛತ್ರ ನಡೆಯುವುದೆಂತು?

ಇನ್ನು ಈ ವಿಳಾಸಗಳ ವಿಚಾರ. 1981ರಲ್ಲಿ ನಿಗದಿಯಾದ ನಾಲ್ಕನೆಯ ಆವೃತ್ತಿಯ ಐಪಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಇದನ್ನು ಮೊದಲೇ ಊಹಿಸಿದ್ದ ತಜ್ಞರು 1996ರಲ್ಲಿ ಆರ್‌ಎಫ್‌ಸಿ 1918 ಎಂಬ ದಾಖಲೆಯ ಮೂಲಕ ಮೂರು ವಿಳಾಸ ಸಮೂಹಗಳನ್ನು ಖಾಸಗಿ ಬಳಕೆಗೆಂದು ಮೀಸಲಿಟ್ಟರು. 192.168 ಎಂದು ಆರಂಭವಾಗುವುದು ಅವುಗಳಲ್ಲೊಂದು. ಅದರಲ್ಲಿ 65,536 ವಿಳಾಸಗಳಿವೆ. ನಮ್ಮ ಮನೆಯ 192.168.1.1 ಪಕ್ಕದ ಮನೆಯಲ್ಲೂ ಇರಬಹುದು, ಶಿವಮೊಗ್ಗೆಯ ಮನೆಯೊಂದರಲ್ಲೂ ಇರಬಹುದು. ಮಲೆನಾಡಿನ ಹಳ್ಳಿ ಹಳ್ಳಿಯಲ್ಲೂ ಒಂದು ಮೇಲಿನಮನೆ, ಒಂದು ಕೆಳಗಿನಮನೆ ಇರುವುದಿಲ್ಲವೆ? ಊರೊಳಗೆ ಆ ಹೆಸರು ಸಾಕು. ಊರಾಚೆಗೆ ಅದಕ್ಕೆ ಅರ್ಥವಿಲ್ಲ.

ಪ್ರಿಂಟರನ್ನು ಒಂದೆಡೆ ನೆಲೆಗೊಳಿಸಲು ಎರಡು ದಾರಿಗಳಿವೆ. ಪ್ರಿಂಟರಿನೊಳಗೇ ವಿಳಾಸವನ್ನು ಬರೆದಿಡುವುದು ಒಂದು. ಆಗ ಆ ಸಂಖ್ಯೆ ರೌಟರು ಹಂಚುವ ಸಾಲಿನ ಹೊರಗಿರಬೇಕು. ಇಲ್ಲವಾದರೆ ಅದನ್ನೇ ಇನ್ನೊಂದಕ್ಕೂ ಕೊಟ್ಟು ಎರಡಕ್ಕೂ ಜಗಳ ಹತ್ತುತ್ತದೆ. ಹೊಸ ರೌಟರು ಬೇರೆ ಸಮೂಹವನ್ನು ಬಳಸುವುದಾದರೆ ಪ್ರಿಂಟರು ಮನೆಯಲ್ಲಿದ್ದೂ ಪರದೇಶಿಯಾಗುತ್ತದೆ. ಎರಡನೆಯದು, ರೌಟರಿನಲ್ಲೇ ಒಂದು ಸಂಖ್ಯೆಯನ್ನು ಕಾದಿರಿಸುವುದು. ನನ್ನ ಒಲವು ಇದರ ಕಡೆಗೆ. ಲೆಕ್ಕವೆಲ್ಲ ಒಂದೇ ಪುಸ್ತಕದಲ್ಲಿದ್ದರೆ ಮನೆಗೆ ಕ್ಷೇಮ.

ಪ್ರತಿ ಉಪಕರಣಕ್ಕೂ ಕಾರ್ಖಾನೆಯಲ್ಲೇ ಇಟ್ಟ ಹನ್ನೆರಡು ಅಕ್ಷರಾಂಕಗಳ ಮ್ಯಾಕ್ ಸಂಖ್ಯೆಯೊಂದಿರುತ್ತದೆ. ಅದರ ಮೊದಲ ಆರು ತಯಾರಕರ ಗುರುತು; ಗೋತ್ರವೆಂದೇ ಇಟ್ಟುಕೊಳ್ಳಿ. ಒಂದು ಶನಿವಾರ ಪ್ರಿಂಟರಿನಿಂದಲೇ ಅದರ ವಿವರದ ಹಾಳೆಯನ್ನು ತೆಗೆಸಿದೆ. ಅಮ್ಮ ಭೂತಕನ್ನಡಿ ಹಿಡಿದು ಮ್ಯಾಕ್ ಸಂಖ್ಯೆಯನ್ನು ಒಂದೊಂದಾಗಿ ಓದಿದರು. ನಾನು ರೌಟರಿನ ಪುಟದಲ್ಲಿ ಬರೆದುಕೊಂಡು, ಅದರೆದುರು 192.168.1.200 ಎಂದು ಕಾದಿರಿಸಿದೆ. ಪ್ರಿಂಟರನ್ನು ಆರಿಸಿ ಹೊತ್ತಿಸಿ, ಲ್ಯಾಪ್‌ಟಾಪಿಗೂ ಆ ಸಂಖ್ಯೆಯನ್ನು ತಿಳಿಸಿದ್ದಾಯಿತು. ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು. “ಇನ್ನು ಇದಕ್ಕೆ ಗೇಣಿಯ ಕಾಟವಿಲ್ಲವೇನೋ?” ಎಂದು ಅಮ್ಮ ಕೇಳಿದರು. ಗೇಣಿ ಇದ್ದೇ ಇದೆ, ಆದರೆ ಆ ಕೋಣೆಯನ್ನು ಬೇರೆ ಯಾರಿಗೂ ಕೊಡುವುದಿಲ್ಲ ಎಂದೆ.

ಫೆಬ್ರವರಿಯ ಒಂದು ಸಂಜೆ ಕಚೇರಿಯಿಂದ ಮರಳಿದಾಗ ಕಿಟಕಿಯ ಬಳಿಯ ಮೇಜಿನ ಮೇಲೆ ದಪ್ಪ ಅಕ್ಷರದ ಏಳು ಹಾಳೆಗಳಿದ್ದವು. ಆಗಲೇ ಓದಿ ಮುಗಿಸಿ ಮಡಿಚಿಟ್ಟಿದ್ದರು. ಅಂದು ದೂರವಾಣಿ ಬಂದಿರಲಿಲ್ಲ. ಮಧ್ಯಾಹ್ನ ವಿದ್ಯುತ್ ಹೋಗಿ ಬಂದಿತ್ತೆಂಬುದು ನನಗೆ ತಿಳಿದದ್ದು, ಅಡುಗೆಮನೆಯ ಒಲೆಯ ಗಡಿಯಾರ 12:00 ಎಂದು ಮಿನುಗುತ್ತಿದ್ದುದನ್ನು ಕಂಡಾಗ.