ಸುಗ್ಗಿ ಮುಗಿಯದ ಕಣ

ದುಡಿಮೆಗೆ ಒಂದು ಹದವಿದೆ ಎಂಬುದನ್ನು ಒಕ್ಕಲುತನದ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿಯ ದಿನಗಳಲ್ಲಿ ರೈತನಿಗೆ ಹಗಲು ರಾತ್ರಿಗಳ ಭೇದವಿರುವುದಿಲ್ಲ. ಮೋಡ ಕವಿಯುವುದರೊಳಗೆ ರಾಶಿ ಮುಗಿಯಬೇಕು. ಕಣದಲ್ಲಿಯೇ ಊಟ, ಕಣದಲ್ಲಿಯೇ ನಿದ್ದೆ. ಆಲೆಮನೆಯ ಒಲೆ ಹೊತ್ತಿಸಿದ ಮೇಲೆ ಕಬ್ಬು ಮುಗಿಯುವವರೆಗೆ ಅದನ್ನು ಆರಗೊಡುವಂತಿಲ್ಲ. ಆದರೆ ಸುಗ್ಗಿ ಮುಗಿಯುತ್ತದೆ. ಕಾಳು ಮನೆ ಸೇರುತ್ತದೆ, ಎತ್ತುಗಳ ಹೆಗಲು ಹಗುರಾಗುತ್ತದೆ, ಊರಿನಲ್ಲಿ ಜಾತ್ರೆ ನೆರೆಯುತ್ತದೆ. ಮುಗಿಯುತ್ತದೆ ಎಂಬ ಭರವಸೆಯಿಂದಲೇ ಆ ಶ್ರಮ ಸಹ್ಯವಾಗುತ್ತದೆ. ಸುಗ್ಗಿಯೇ ಮುಗಿಯದಿದ್ದರೆ ಏನಾದೀತು?

ಅಂತಹ ಮುಗಿಯದ ಸುಗ್ಗಿಯೊಂದು ವಿಡಿಯೋ ಗೇಮ್ ತಯಾರಿಸುವ ಉದ್ಯಮದಲ್ಲಿದೆ. ಅಲ್ಲಿ ದುಡಿಯುವವರು ಅದನ್ನು 'ಕ್ರಂಚ್' ಎಂದು ಕರೆಯುತ್ತಾರೆ. ಗಟ್ಟಿಯಾದ ಪದಾರ್ಥವು ಹಲ್ಲುಗಳ ನಡುವೆ ನುರಿಯುವಾಗ ಆಗುವ ಸದ್ದಿನಿಂದ ಬಂದ ಪದವಿದು. ಆಟವೊಂದು ಮಾರುಕಟ್ಟೆಗೆ ಬರುವ ದಿನ ಸಮೀಪಿಸಿದಾಗ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಬಿಡುವಿಲ್ಲದೆ ದುಡಿಯುವ ಅವಧಿಗೆ ಈ ಹೆಸರು. ಮಕ್ಕಳು ಮೈಮರೆತು ಆಡುವ ಆಟಗಳ ಹಿಂದೆ ಇಂತಹ ದುಡಿಮೆಯಿದೆ ಎಂಬುದನ್ನು ಹೆಚ್ಚಿನ ತಂದೆತಾಯಿಗಳು ಯೋಚಿಸಿರಲಾರರು. ಆಟದ ವಸ್ತುವನ್ನು ಮಾಡುವುದೂ ಆಟವೇ ಇರಬೇಕೆಂಬ ಭಾವನೆ ಲೋಕದಲ್ಲಿದೆ. ಈ ಭಾವನೆಯೇ ಅಲ್ಲಿನ ಕಷ್ಟದ ಬೇರು ಎಂದರೂ ತಪ್ಪಾಗಲಾರದು.

ಇದು ಇತ್ತೀಚಿನ ರೋಗವೇನೂ ಅಲ್ಲ. 1982ರಲ್ಲಿ ಅಮೆರಿಕದ ಅಟಾರಿ ಕಂಪನಿಯು 'ಇ.ಟಿ.' ಚಲನಚಿತ್ರವನ್ನು ಆಧರಿಸಿದ ಆಟವನ್ನು ಆ ವರ್ಷದ ಕ್ರಿಸ್‌ಮಸ್ ಮಾರಾಟಕ್ಕೆ ಸಿದ್ಧಪಡಿಸಬೇಕಾಗಿತ್ತು. ಹಕ್ಕುಗಳ ಮಾತುಕತೆ ಮುಗಿಯುವಷ್ಟರಲ್ಲಿ ಜುಲೈ ತಿಂಗಳು ಕಳೆಯುತ್ತ ಬಂದಿತ್ತು. ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ತರುಣನಿಗೆ ದೊರೆತದ್ದು ಸುಮಾರು ಐದು ವಾರಗಳು. ಬೇರೆ ಆಟಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು, ಕಚೇರಿಯ ಯಂತ್ರವನ್ನು ಮನೆಗೂ ತರಿಸಿಕೊಂಡು, ಆತ ಆ ಐದು ವಾರಗಳಲ್ಲಿ ಮುಗಿಸಿಕೊಟ್ಟ. ಆಟ ಸೋತಿತು. ಮಾರಾಟವಾಗದೆ ಉಳಿದ ಕ್ಯಾಸೆಟ್ಟುಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದ ಅಲಮಗೋರ್ಡೋ ಊರಿನ ಕಸದ ಗುಂಡಿಯಲ್ಲಿ ಹೂಳಲಾಯಿತು. 2014ರಲ್ಲಿ ಅವುಗಳನ್ನು ಅಗೆದು ಹೊರತೆಗೆದದ್ದೂ ಉಂಟು. ಗಮನಿಸಬೇಕಾದ ಸಂಗತಿಯೆಂದರೆ, ವಾರ್ಷಾನನ್ನು ಯಾರೂ ಬಲವಂತಪಡಿಸಿರಲಿಲ್ಲ. ಸವಾಲನ್ನು ಆತ ಹೆಮ್ಮೆಯಿಂದಲೇ ಒಪ್ಪಿಕೊಂಡಿದ್ದ. ಆತ ಮುಂದೆ ಗೇಮ್ ಉದ್ಯಮವನ್ನು ಬಿಟ್ಟು ಮನೋಚಿಕಿತ್ಸಕನಾದ.

ಒಬ್ಬ ವ್ಯಕ್ತಿಯ ಸಾಹಸವಾಗಿದ್ದುದು ಇಪ್ಪತ್ತು ವರ್ಷಗಳಲ್ಲಿ ಸಾವಿರಾರು ಜನರ ಕಡ್ಡಾಯ ದಿನಚರಿಯಾಗಿ ಮಾರ್ಪಟ್ಟಿತು. ಅದು ಲೋಕದ ಕಣ್ಣಿಗೆ ಬಿದ್ದದ್ದು 2004ರ ನವೆಂಬರ್ 10ರಂದು, ಹೆಣ್ಣುಮಗಳೊಬ್ಬಳು ಹೆಸರು ಹೇಳದೆ ಬರೆದ ಒಂದು ಬಹಿರಂಗ ಪತ್ರದಿಂದ. 'ಇಎ ಸ್ಪೌಸ್', ಅಂದರೆ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ನೌಕರನ ಮಡದಿ ಎಂದಷ್ಟೇ ಆಕೆ ತನ್ನನ್ನು ಪರಿಚಯಿಸಿಕೊಂಡಿದ್ದಳು. ಆಕೆ ಎರಿನ್ ಹಾಫ್‌ಮನ್ ಎಂಬುದು ಲೋಕಕ್ಕೆ ತಿಳಿದದ್ದು 2006ರಲ್ಲಿ. ಆಕೆಯೊಡನೆ ಮದುವೆ ನಿಶ್ಚಯವಾಗಿದ್ದ ತರುಣ ಲಾಸ್ ಏಂಜಲೀಸ್‌ನ ಆ ಕಂಪನಿಯ ಶಾಖೆಯಲ್ಲಿ ಪ್ರೋಗ್ರಾಮರ್ ಆಗಿದ್ದ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಥಾಲೋಕವನ್ನು ಆಧರಿಸಿದ ಯುದ್ಧದಾಟವೊಂದು ಅಲ್ಲಿ ಸಿದ್ಧವಾಗುತ್ತಿತ್ತು. ಹಾಫ್‌ಮನ್ ಸ್ವತಃ ಅದೇ ಉದ್ಯಮದಲ್ಲಿ ಕೆಲಸ ಮಾಡಿದ್ದವಳು. ಆದುದರಿಂದ ಆಕೆಯ ಬರಹ ದೂರದಿಂದ ನೋಡಿದವರ ಕನಿಕರವಾಗಿರಲಿಲ್ಲ.

ಪತ್ರದಲ್ಲಿ ಆಕೆ ಲೆಕ್ಕ ಒಪ್ಪಿಸುವವಳಂತೆ ಒಂದೊಂದನ್ನೇ ಹೇಳುತ್ತ ಹೋಗುತ್ತಾಳೆ. ಮೊದಲು ದಿನಕ್ಕೆ ಎಂಟು ಗಂಟೆಯಂತೆ ವಾರಕ್ಕೆ ಆರು ದಿನ ದುಡಿಯಬೇಕೆಂದರು. ಕೊನೆಯಲ್ಲಿ ಬರುವ ದೊಡ್ಡ ಒತ್ತಡವನ್ನು ತಪ್ಪಿಸಲು ಇದೊಂದು ಮುನ್ನೆಚ್ಚರಿಕೆ ಎಂದು ಸಮಾಧಾನ ಹೇಳಿದರು. ಮುಗಿಯುತ್ತದೆ ಎಂದು ಹೇಳಿದ ದಿನ ಬಂದು ಹೋಯಿತು, ಮುಗಿಯಲಿಲ್ಲ. ಬಳಿಕ ದಿನಕ್ಕೆ ಹನ್ನೆರಡು ಗಂಟೆಯಾಯಿತು. ಕೊನೆಗೆ ಬೆಳಗಿನ ಒಂಬತ್ತರಿಂದ ರಾತ್ರಿ ಹತ್ತರವರೆಗೆ, ವಾರದ ಏಳೂ ದಿನ. ಅಪರೂಪಕ್ಕೊಮ್ಮೆ ಶನಿವಾರ ಸಂಜೆ ಬಿಡುವು. ವಾರಕ್ಕೆ ಸುಮಾರು 85 ಗಂಟೆಗಳ ದುಡಿಮೆ. ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಸಂಬಳವಿಲ್ಲ, ಬದಲಿ ರಜೆಯೂ ಇಲ್ಲ. ತಲೆನೋವು, ಹೊಟ್ಟೆನೋವು, ಸಿಡುಕು ಮನೆಯೊಳಗೆ ಬಂದವು. ಇಷ್ಟೆಲ್ಲದರ ನಡುವೆ ಆಕೆ ಎತ್ತಿ ತೋರಿಸಿದ ಒಂದು ಮಾತು ಇಡೀ ಪತ್ರದ ತಿರುಳಾಗಿದೆ: ಈ ಅವಧಿಯಲ್ಲಿ ಕೆಲಸ ಹಿಂದೆ ಬಿದ್ದಿರಲೇ ಇಲ್ಲ, ನಿಗದಿತ ಗತಿಯಲ್ಲಿಯೇ ಸಾಗುತ್ತಿತ್ತು. ಅಂದರೆ ಮೋಡ ಕವಿದಿರಲಿಲ್ಲ, ಮಳೆಯ ಭಯವಿರಲಿಲ್ಲ. ಆದರೂ ರಾತ್ರಿಯೆಲ್ಲ ಕಣದಲ್ಲಿ ನಿಲ್ಲಿಸಲಾಗಿತ್ತು.

ಪತ್ರ ಓದಿದ ಸಾವಿರಾರು ನೌಕರರು ತಮ್ಮ ಮನೆಯ ಕಥೆಯೂ ಇದೇ ಎಂದರು. ಕಂಪನಿಯ ಮೇಲೆ ನೌಕರರ ಗುಂಪುಗಳು ಹೂಡಿದ ದಾವೆಗಳಲ್ಲಿ ಚಿತ್ರಕಲಾವಿದರಿಗೆ 2005ರಲ್ಲಿ 1 ಕೋಟಿ 56 ಲಕ್ಷ ಡಾಲರ್, ಪ್ರೋಗ್ರಾಮರುಗಳಿಗೆ 2006ರಲ್ಲಿ 1 ಕೋಟಿ 49 ಲಕ್ಷ ಡಾಲರ್ ರಾಜಿ ಪರಿಹಾರ ದೊರೆಯಿತು. ಅಂತರರಾಷ್ಟ್ರೀಯ ಗೇಮ್ ಅಭಿವರ್ಧಕರ ಸಂಘವು 2004ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮೂರರಲ್ಲಿ ಒಬ್ಬರು ಐದು ವರ್ಷಗಳೊಳಗೆ, ಅರ್ಧದಷ್ಟು ಮಂದಿ ಹತ್ತು ವರ್ಷಗಳೊಳಗೆ ಈ ಉದ್ಯಮವನ್ನೇ ತೊರೆಯುವುದಾಗಿ ಹೇಳಿದ್ದರು. ಅನುಭವವು ಮಾಗುವ ಹೊತ್ತಿಗೆ ಕೆಲಸಗಾರನು ಇಲ್ಲವಾಗುವ ಕಸುಬು ಇದು.

ದುಡಿಮೆಯ ಅಳತೆ ತಪ್ಪಿದ್ದನ್ನು ಮೊದಲು ಕಂಡವಳು ಮನೆಯಲ್ಲಿದ್ದವಳು. ಶರಣರ ಕಥೆಗಳನ್ನು ಬಲ್ಲ ಓದುಗರಿಗೆ ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿನ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿ ಕಳುಹಿಸಿದಳೆಂದು ಪರಂಪರೆ ಹೇಳುತ್ತದೆ. ಕಾಯಕದ ಹಿರಿಮೆಯನ್ನು ಹೇಳುವವರು ಈ ಕಥೆಯ ಅಳತೆಯ ಭಾಗವನ್ನು ಬಿಟ್ಟು ಹೇಳುವುದುಂಟು. ಹಾಗೆ ಬಿಟ್ಟಾಗ ಕಾಯಕವೆಂಬ ಮಾತು ಹೆಚ್ಚು ದುಡಿಸಿಕೊಳ್ಳುವವರ ಕೈಯ ಬಾರುಕೋಲಾಗುತ್ತದೆ. ಕಥೆಗೂ ಪತ್ರಕ್ಕೂ ಒಂದು ದೊಡ್ಡ ವ್ಯತ್ಯಾಸವಿರುವುದನ್ನೂ ಹೇಳಬೇಕು. ಮಾರಯ್ಯ ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸಬಲ್ಲವನಾಗಿದ್ದ. ಲಾಸ್ ಏಂಜಲೀಸ್‌ನ ತರುಣನಿಂದ ಹೆಚ್ಚಾಗಿ ಪಡೆದುಕೊಂಡ ಗಂಟೆಗಳನ್ನು ಯಾರೂ ಹಿಂದಿರುಗಿಸಲಾರರು. 2010ರ ಜನವರಿಯಲ್ಲಿ ರಾಕ್‌ಸ್ಟಾರ್ ಕಂಪನಿಯ ಸ್ಯಾನ್ ಡಿಯಾಗೋ ಶಾಖೆಯ ನೌಕರರ ಪತ್ನಿಯರು ಇಂತಹುದೇ ಇನ್ನೊಂದು ಪತ್ರ ಬರೆಯಬೇಕಾಯಿತು.

ಇದು ಹೀಗೇಕೆ ನಡೆಯುತ್ತದೆ? ಆಟವೊಂದರ ಚಿತ್ರ, ಸಂಗೀತ, ಚಲನೆ, ನಿಯಮ ಇವೆಲ್ಲವೂ ಬೇರೆ ಬೇರೆಯಾಗಿ ಸಿದ್ಧವಾಗುತ್ತವೆ. ಅವು ಕೂಡಿದ ಮೇಲೆಯೇ ಆಟ ರುಚಿಸುತ್ತದೆಯೋ ಇಲ್ಲವೋ ಎಂಬುದು ತಿಳಿಯುವುದು. ಆದುದರಿಂದ ದೊಡ್ಡ ಬದಲಾವಣೆಗಳೆಲ್ಲ ಕೊನೆಯ ಘಟ್ಟದಲ್ಲಿಯೇ ಬರುತ್ತವೆ. ಅಷ್ಟರಲ್ಲಿ ಜಾಹೀರಾತಿಗೆ ಹಣ ಚೆಲ್ಲಿಯಾಗಿರುತ್ತದೆ, ಬಿಡುಗಡೆಯ ದಿನವನ್ನು ಸಾರಿಯಾಗಿರುತ್ತದೆ. ಇದು ಕಸುಬಿನ ಸಹಜವಾದ ತೊಡಕು. ಆದರೆ ಅಸಲು ಕಾರಣ ಲೆಕ್ಕದ ಪುಸ್ತಕದಲ್ಲಿದೆ. ಅಮೆರಿಕದಲ್ಲಿ ಒಂದು ಮಟ್ಟವನ್ನು ಮೀರಿದ ತಿಂಗಳ ಸಂಬಳ ಪಡೆಯುವ ಕಂಪ್ಯೂಟರ್ ನೌಕರರಿಗೆ ಹೆಚ್ಚುವರಿ ಗಂಟೆಗಳ ಕೂಲಿ ಕೊಡಬೇಕೆಂಬ ಕಾನೂನು ಅನ್ವಯಿಸುವುದಿಲ್ಲ. ಐವತ್ತನೆಯ ಗಂಟೆಗೂ ಎಂಬತ್ತನೆಯ ಗಂಟೆಗೂ ಬೆಲೆಯೇ ಇಲ್ಲವೆಂದಾದಾಗ ಯಜಮಾನ ಅದನ್ನು ಮಿತವಾಗಿ ಏಕೆ ಬಳಸಿಯಾನು? ಬಾವಿಯ ನೀರು ತನ್ನದಲ್ಲದಾಗ ಕೊಡ ತುಂಬುವವರಿಗೆ ಬಾವಿಯ ಆಳದ ಚಿಂತೆಯಿರುವುದಿಲ್ಲ.

ಕೂಲಿ ಕೊಟ್ಟರೆ ಎಲ್ಲವೂ ಸರಿಹೋದೀತೆಂದು ತಿಳಿಯುವುದೂ ಪೂರ್ಣ ಸತ್ಯವಲ್ಲ. ಪೋಲೆಂಡಿನಲ್ಲಿ ಹೆಚ್ಚುವರಿ ದುಡಿಮೆಗೆ ಸಂಬಳ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಆ ದೇಶದ ಸಿ.ಡಿ. ಪ್ರಾಜೆಕ್ಟ್ ರೆಡ್ ಕಂಪನಿಯ ಮುಖ್ಯಸ್ಥರು 2019ರಲ್ಲಿ, 'ಸೈಬರ್‌ಪಂಕ್ 2077' ಆಟಕ್ಕಾಗಿ ಯಾರನ್ನೂ ಕಡ್ಡಾಯವಾಗಿ ಹೆಚ್ಚು ದುಡಿಸುವುದಿಲ್ಲವೆಂದು ಬಹಿರಂಗವಾಗಿ ಮಾತು ಕೊಟ್ಟರು. 2020ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ವಾರಕ್ಕೆ ಆರು ದಿನದ ದುಡಿಮೆಯನ್ನು ಕಡ್ಡಾಯಗೊಳಿಸಿತು. ಮೂರು ಬಾರಿ ಮುಂದೂಡಿದ ಆಟ 2020ರ ಡಿಸೆಂಬರ್ 10ರಂದು ಹೊರಬಂದಾಗ ದೋಷಗಳಿಂದ ತುಂಬಿತ್ತು. ಸೋನಿ ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿ, ಕೊಂಡವರಿಗೆ ಹಣ ಮರಳಿಸಿತು. ದಣಿದ ಕೈಗಳು ಮಾಡಿದ ಕೆಲಸವನ್ನು ತಿದ್ದಲು ಮುಂದೆ ವರ್ಷಗಳೇ ಹಿಡಿದವು. ಹೆಚ್ಚು ಗಂಟೆಗಳಿಂದ ಹೆಚ್ಚು ಸೊಗಸು ಬರುತ್ತದೆಂಬ ನಂಬಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ಇದೇ ವರ್ಷ 'ಹೇಡಿಸ್' ಎಂಬ ಆಟವನ್ನು ಪೂರ್ಣಗೊಳಿಸಿದ ಸೂಪರ್‌ಜಯಂಟ್ ಎಂಬ ಸಣ್ಣ ಸಂಸ್ಥೆಯಲ್ಲಿ ಶುಕ್ರವಾರ ಸಂಜೆ ಐದರ ನಂತರ ಯಾರೂ ಯಾರಿಗೂ ಕಚೇರಿಯ ಇಮೇಲ್ ಕಳುಹಿಸಬಾರದೆಂಬ ನಿಯಮವಿತ್ತು. ವರ್ಷಕ್ಕೆ ಕನಿಷ್ಠ ಇಪ್ಪತ್ತು ದಿನ ರಜೆ ತೆಗೆದುಕೊಳ್ಳಲೇಬೇಕಾಗಿತ್ತು. ಆ ಆಟಕ್ಕೆ ಪ್ರಶಸ್ತಿಗಳ ಸುರಿಮಳೆಯಾಯಿತು. ಸಂಸ್ಥೆ ಚಿಕ್ಕದು, ಜನ ಇಪ್ಪತ್ತರ ಆಸುಪಾಸು. ಸಾವಿರ ಜನರ ಕಂಪನಿಗೆ ಇದೇ ಕ್ರಮ ಅಷ್ಟು ಸುಲಭವಲ್ಲ ಎಂಬುದನ್ನು ಒಪ್ಪಬೇಕು. ಆದರೆ ಅಸಾಧ್ಯವೆಂದು ಹೇಳುವವರ ಬಾಯಿಗೆ ಅಷ್ಟರಮಟ್ಟಿಗೆ ಬೀಗ ಬಿದ್ದಿದೆ.

ಮಾಡಿದ ಕೆಲಸದ ಮೇಲೆ ಮಾಡಿದವನ ಹೆಸರಾದರೂ ಉಳಿಯುತ್ತದೆಯೇ ಎಂದರೆ ಅದೂ ಖಾತರಿಯಿಲ್ಲ. ಆಸ್ಟ್ರೇಲಿಯಾದ ಟೀಮ್ ಬೋಂಡಿ ಸಂಸ್ಥೆ ಸುಮಾರು ಏಳು ವರ್ಷ ಶ್ರಮಿಸಿ 2011ರಲ್ಲಿ ಹೊರತಂದ 'ಎಲ್.ಎ. ನ್ವಾರ್' ಆಟದ ಕೊನೆಯ ಹೆಸರುಪಟ್ಟಿಯಲ್ಲಿ, ನಡುವೆ ಬಿಟ್ಟುಹೋದ ನೂರಕ್ಕೂ ಹೆಚ್ಚು ಜನರ ಹೆಸರುಗಳೇ ಇರಲಿಲ್ಲ. ದುಡಿದವರಿಗೆ ನೌಕರಿಯೂ ಉಳಿಯದಿರುವುದು ಇನ್ನೊಂದು ಸಂಕಟ. 2018ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಟೆಲ್‌ಟೇಲ್ ಗೇಮ್ಸ್ ಸುಮಾರು 250 ಜನರನ್ನು ಪರಿಹಾರಧನವಿಲ್ಲದೆ ಒಂದೇ ದಿನ ಮನೆಗೆ ಕಳುಹಿಸಿತು. ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು 2023ರ ಅಕ್ಟೋಬರಿನಲ್ಲಿ ಕೊಂಡ ಮೈಕ್ರೋಸಾಫ್ಟ್, ಮರುವರ್ಷದ ಜನವರಿಯಲ್ಲಿ ತನ್ನ ಗೇಮ್ ವಿಭಾಗದ 1,900 ಜನರನ್ನು ತೆಗೆಯುವುದಾಗಿ ಘೋಷಿಸಿತು.

ಇಷ್ಟಾದರೂ ತರುಣರು ಆ ಉದ್ಯಮದ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುವುದೇಕೆಂದರೆ, ಅವರಿಗೆ ಆ ಕೆಲಸದ ಮೇಲೆ ನಿಜವಾದ ಪ್ರೀತಿಯಿದೆ. ಬಾಲ್ಯದಲ್ಲಿ ಆಡಿದ ಆಟಗಳಂಥವನ್ನು ತಾವೂ ಮಾಡಬೇಕೆಂಬ ಹಂಬಲವಿದೆ. ನೀನು ಒಲ್ಲೆಯೆಂದರೆ ನಿನ್ನ ಜಾಗಕ್ಕೆ ನೂರು ಜನರಿದ್ದಾರೆ ಎಂದು ಹೇಳಲು ಯಜಮಾನರಿಗೆ ಧೈರ್ಯ ಬರುವುದು ಈ ಹಂಬಲದಿಂದಲೇ. ಹೀಗೆ ಕೆಲಸದ ಪ್ರೀತಿಯೇ ಕೆಲಸಗಾರನ ಕೊರಳಿನ ಹಗ್ಗವಾಗುತ್ತದೆ. ಪ್ರೀತಿಸುವವನು ತನಗೆ ತಾನೇ ಎಲ್ಲೆ ಹಾಕಿಕೊಳ್ಳಲಾರ. ಎಲ್ಲೆ ಹೊರಗಿನಿಂದ, ಕಾನೂನಿನಿಂದಲೋ ಸಂಘದಿಂದಲೋ ಬರಬೇಕು. ಅದು ನಿಧಾನವಾಗಿ ಬರುತ್ತಿದೆ. 2021ರ ಡಿಸೆಂಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೇವನ್ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಆಟದ ದೋಷಗಳನ್ನು ಪರೀಕ್ಷಿಸುತ್ತಿದ್ದ ಹನ್ನೆರಡು ಜನರ ಗುತ್ತಿಗೆಯನ್ನು ಮುಂದುವರಿಸುವುದಿಲ್ಲವೆಂದಾಗ ಜೊತೆಯವರು ಕೆಲಸ ನಿಲ್ಲಿಸಿದರು. 2022ರ ಮೇ ತಿಂಗಳಲ್ಲಿ ನಡೆದ ಮತದಾನದಲ್ಲಿ 19 ಮತಗಳು ಸಂಘದ ಪರವಾಗಿ, 3 ವಿರುದ್ಧವಾಗಿ ಬಂದವು. ಸಂಖ್ಯೆ ನೋಡಿದರೆ ನಗು ಬರಬಹುದು. ಆದರೆ ಆ ದೇಶದ ದೊಡ್ಡ ಗೇಮ್ ಕಂಪನಿಯೊಂದರೊಳಗೆ ಮತದಾನದಿಂದ ಸಂಘವೊಂದು ಹುಟ್ಟಿದ್ದು ಅದೇ ಮೊದಲು.

ಇದೆಲ್ಲ ಪರದೇಶದ ಸುದ್ದಿಯೆಂದು ಸುಮ್ಮನಿರುವಂತಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಭಾರತದ ಗೇಮ್ ಉದ್ಯಮದ ಮೊದಲಿಗರಲ್ಲೊಂದು. ಪಾಶ್ಚಾತ್ಯ ಕಂಪನಿಗಳ ಆಟಗಳಿಗೆ ಬೇಕಾದ ಚಿತ್ರಗಳನ್ನು ಅಲ್ಲಿನ ಕಲಾವಿದರು ಇಲ್ಲಿಯೇ ಕುಳಿತು ರೂಪಿಸಿಕೊಡುತ್ತಿದ್ದರು. 2019ರಲ್ಲಿ ಅದನ್ನು ಕೊಂಡದ್ದು, ಬೆಂಗಳೂರಿನಲ್ಲಿ ಆಗಲೇ ತನ್ನ ಕಚೇರಿ ತೆರೆದಿದ್ದ ರಾಕ್‌ಸ್ಟಾರ್ ಕಂಪನಿ. 2010ರಲ್ಲಿ ಯಾವ ಕಂಪನಿಯ ನೌಕರರ ಪತ್ನಿಯರು ಪತ್ರ ಬರೆದರೋ ಅದೇ ಕಂಪನಿ. 2025ರ ಅಕ್ಟೋಬರಿನಲ್ಲಿ ಅದು ಬ್ರಿಟನ್ ಮತ್ತು ಕೆನಡಾಗಳಲ್ಲಿ 30ಕ್ಕೂ ಹೆಚ್ಚು ನೌಕರರನ್ನು ವಜಾ ಮಾಡಿದಾಗ, ಇದು ಸಂಘ ಕಟ್ಟಿದ್ದಕ್ಕೆ ಕೊಟ್ಟ ಶಿಕ್ಷೆಯೆಂದು ಬ್ರಿಟನ್ನಿನ ನೌಕರರ ಸಂಘವೂ, ಗೋಪ್ಯ ಮಾಹಿತಿಯನ್ನು ಹೊರಗೆಡಹಿದ್ದಕ್ಕೆ ಕೈಗೊಂಡ ಕ್ರಮವೆಂದು ಕಂಪನಿಯೂ ಹೇಳಿದವು.

ನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರಿನ ತಂತ್ರಜ್ಞಾನದ ಕಚೇರಿಗಳಲ್ಲಿದ್ದಾರೆ. ಜಾತ್ರೆಗೆ ಬರುತ್ತೇನೆಂದು ಹೇಳಿ, ಹಿಂದಿನ ರಾತ್ರಿ ಕೆಲಸ ಬಿತ್ತೆಂದು ಫೋನು ಮಾಡುವ ಮಗನ ದನಿ ತಾಯಂದಿರಿಗೆ ಅಪರಿಚಿತವಲ್ಲ. ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ಹೆಚ್ಚುವರಿ ದುಡಿಮೆಯೂ ಸೇರಿ ದಿನಕ್ಕೆ ಹತ್ತು ಗಂಟೆಗಳ ಮಿತಿಯನ್ನು ಹಾಕಿತ್ತು. 2024ರ ಜುಲೈ ತಿಂಗಳಲ್ಲಿ ಮಾಹಿತಿ ತಂತ್ರಜ್ಞಾನ ವಲಯಕ್ಕೆ ಈ ಮಿತಿಯನ್ನು ಹದಿನಾಲ್ಕು ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾವ ಸರ್ಕಾರದ ಮುಂದೆ ಬಂದಿತು. ಐಟಿ ನೌಕರರ ಸಂಘದವರು ಕಾರ್ಮಿಕ ಸಚಿವರನ್ನು ಕಂಡು ವಿರೋಧ ಸೂಚಿಸಿದರು. ಬೆಂಗಳೂರಿನ ರಸ್ತೆಗಳಲ್ಲಿ ಪ್ರತಿಭಟನೆಗಳಾದವು. ಹತ್ತಕ್ಕೂ ಹದಿನಾಲ್ಕಕ್ಕೂ ನಡುವೆ ಇರುವ ಆ ನಾಲ್ಕು ಗಂಟೆಗಳಲ್ಲಿಯೇ ರಾತ್ರಿಯ ಊಟ, ಮಗುವನ್ನು ಮಲಗಿಸುವುದು, ಹಿರಿಯರೊಡನೆ ಎರಡು ಮಾತು ಎಲ್ಲವೂ ಇರುವುದು.